ತಾಯಿ ಹೇಳಿದ ಮಾತು



2013ರ ಸುಮಾರಿಗೆ ಅಸ್ತಮಾ ಇದ್ದ ಏಳು ವರ್ಷದ ಹುಡುಗನೊಬ್ಬ ನನ್ನಲ್ಲಿಗೆ ಬರುತ್ತಿದ್ದ. ಮಾಂಟೆಲುಕಾಸ್ಟ್ ಮಾತ್ರೆ ಶುರುಮಾಡಿದ ಮೇಲೆ ಉಬ್ಬಸ ಇಳಿದಿತ್ತು. ಸ್ಟೆತೊಸ್ಕೋಪ್ ಇಟ್ಟರೆ ಎದೆಯಲ್ಲಿ ಗುಂಯ್‌ಗುಡುವ ಸದ್ದಿಲ್ಲ. ನಾನು ಖುಷಿಯಿಂದ ಚೀಟಿ ಬರೆಯುತ್ತಿದ್ದಾಗ ತಾಯಿ ಮೆಲ್ಲಗೆ, "ಡಾಕ್ಟ್ರೇ, ಈಚೆಗೆ ರಾತ್ರಿ ಬೆಚ್ಚಿಬಿದ್ದು ಕಿರುಚ್ಕೋತಾನೆ, ನಮ್ಮನ್ನೇ ಗುರುತು ಹಿಡಿಯಲ್ಲ" ಅಂದರು. ಟಿವಿ ಕಡಿಮೆ ತೋರಿಸಿ ಅಂದೆ. ಮುಂದಿನ ಸಲ ಬರುವಷ್ಟರಲ್ಲಿ ಆಕೆ ಮಾತ್ರೆಯನ್ನು ತಾವೇ ನಿಲ್ಲಿಸಿದ್ದರು. ಹುಡುಗ ನೆಮ್ಮದಿಯಾಗಿ ಮಲಗುತ್ತಿದ್ದ.

ಅಮೆರಿಕದಲ್ಲಿ ಆ ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ದುಃಸ್ವಪ್ನ, ಸಿಡುಕು, ಆತ್ಮಹತ್ಯೆಯ ಯೋಚನೆ ಬರಬಹುದೆಂದು ಸಣ್ಣ ಅಕ್ಷರದಲ್ಲಿದ್ದ ಮಾತನ್ನು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಚೌಕಟ್ಟು ಕಟ್ಟಿದ ಎಚ್ಚರಿಕೆಯಾಗಿ ಏರಿಸಿದ್ದು 2020ರಲ್ಲಿ.

ನ್ಯೂಜಿಲೆಂಡಿನ ಕಥೆ ಇದಕ್ಕಿಂತ ಕಠೋರ. 1976ರಲ್ಲಿ ಅಲ್ಲಿಗೆ ಫೆನೊಟೆರಾಲ್ ಎಂಬ ಇನ್ಹೇಲರ್ ಬಂತು. ಒಂದು ಒತ್ತಿಗೆ 200 ಮೈಕ್ರೊಗ್ರಾಂ, ಅದೇ ಬಗೆಯ ಸಾಲ್ಬುಟಮಾಲ್ ಇನ್ಹೇಲರಿನ ಎರಡು ಪಟ್ಟು. ಅದೇ ಹೊತ್ತಿಗೆ ಅಸ್ತಮಾದಿಂದ ಎಳೆಯ ವಯಸ್ಸಿನವರ ಸಾವು ಏರತೊಡಗಿತು. ವೆಲ್ಲಿಂಗ್ಟನ್ನಿನ ಜೂಲಿಯನ್ ಕ್ರೇನ್, ನೀಲ್ ಪಿಯರ್ಸ್, ರಿಚರ್ಡ್ ಬೀಸ್ಲಿ ಮತ್ತು ಜೊತೆಗಾರರು ಸತ್ತವರ ವಿವರಗಳನ್ನು, ಆಸ್ಪತ್ರೆಗೆ ಸೇರಿ ಬದುಕುಳಿದ ಅಸ್ತಮಾ ರೋಗಿಗಳ ವಿವರಗಳ ಪಕ್ಕದಲ್ಲಿಟ್ಟು ನೋಡಿದರು. ಬೊಟ್ಟು ಫೆನೊಟೆರಾಲಿನ ಕಡೆಗೇ ಹೋಯಿತು. 1989ರಲ್ಲಿ ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್' ಅದನ್ನು ಪ್ರಕಟಿಸುವಾಗ ವಿರೋಧವೇನು ಸಣ್ಣದಿರಲಿಲ್ಲ. ಔಷಧದ ಬಳಕೆಗೆ ಕಡಿವಾಣ ಬಿದ್ದ ಮೇಲೆ ಸಾವು ಇಳಿಯಿತು. ಹಳೆಯ ಕಡತಗಳನ್ನು ತಾಳ್ಮೆಯಿಂದ ಓದಿದ ಆ ತರುಣರನ್ನು ನೆನೆದಾಗಲೆಲ್ಲ ನನಗೆ ಕೈಮುಗಿಯಬೇಕೆನಿಸುತ್ತದೆ.

ಅಲರ್ಜಿಯ ಅಸ್ತಮಾದಲ್ಲಿ ಶ್ವಾಸನಾಳದ ಸ್ನಾಯು ಬಿಗಿಯುವುದು ಒಂದು, ಒಳಪದರ ಬಾತು ಕಫ ಕಟ್ಟುವುದು ಇನ್ನೊಂದು. ಫೆನೊಟೆರಾಲ್, ಸಾಲ್ಬುಟಮಾಲಿನಂಥ ಇನ್ಹೇಲರ್ ಬಿಗಿತವನ್ನು ಸಡಿಲಿಸುತ್ತದೆ. ಬಾವು ಹಾಗೇ ಇರುತ್ತದೆ. ಉಸಿರಾಡಿತಲ್ಲ ಎಂದುಕೊಂಡು ರೋಗಿ ಮತ್ತೆ ಮತ್ತೆ ಒತ್ತುತ್ತಾನೆ, ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ. ಹಾಗೆಂದೇ 2019ರಿಂದ ಜಾಗತಿಕ ಅಸ್ತಮಾ ಮಾರ್ಗಸೂಚಿ ಅದೊಂದನ್ನೇ ಕೊಡಬೇಡಿ, ಬಾವು ಇಳಿಸುವ ಸ್ಟೆರಾಯ್ಡ್ ಇನ್ಹೇಲರ್ ಬೇಕು ಎನ್ನುತ್ತಿದೆ.

ಇಂದು ವೈದ್ಯರಾಗಿ ಹೊರಡುತ್ತಿರುವ ಮಕ್ಕಳೇ, ಇದನ್ನೆಲ್ಲ ಕೇಳಿ ರೋಗಿಯನ್ನು ಹೆದರಿಸಬೇಡಿ. "ಪಂಪ್ ಹಿಡಿದ್ರೆ ಬಿಡೋಕಾಗಲ್ಲ" ಎಂಬ ಭಯಕ್ಕೆ ಸ್ಟೆರಾಯ್ಡ್ ಮಾತ್ರೆಯನ್ನೇ ವರ್ಷಗಟ್ಟಲೆ ನುಂಗಿ ಮೂಳೆ ಟೊಳ್ಳಾದವರನ್ನು ನಾನು ಕಂಡಿದ್ದೇನೆ. ಸ್ಟೆರಾಯ್ಡ್ ಇನ್ಹೇಲರ್ ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ, ಇಲ್ಲದಿದ್ದರೆ ನಾಲಗೆ ಮೇಲೆ ಬಿಳಿ ಬೂಷ್ಟು ಬರುತ್ತೆ ಎಂದು ಕೂತು ಹೇಳಿ. ಎರಡು ನಿಮಿಷದ ಕೆಲಸ.

ಆ ತಾಯಿ ಹೇಳಿದಂಥ ಮಾತನ್ನು ಬರೆದಿಡಲೆಂದೇ ನಮ್ಮ ದೇಶದಲ್ಲಿ 2010ರಿಂದ ಔಷಧಗಳ ಅಡ್ಡಪರಿಣಾಮ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮವಿದೆ. ರೋಗಿ ಯಾರು, ಅನುಮಾನ ಯಾವ ಔಷಧದ ಮೇಲೆ, ಏನಾಯಿತು, ತಿಳಿಸಿದವರು ಯಾರು, ಇಷ್ಟಿದ್ದರೆ ಅದು ವರದಿ. ರುಜುವಾತು ಕೇಳುವುದಿಲ್ಲ, ಅನುಮಾನ ಸಾಕು. ಆ ನಮೂನೆ ಅಂದೂ ನನ್ನ ಮೇಜಿನ ಖಾನೆಯಲ್ಲಿತ್ತು. ಆ ಹುಡುಗನಿಗಾಗಿ ನಾನು ಅದನ್ನು ತುಂಬಲಿಲ್ಲ.