ಗೌಪ್ಯವೂ ಒಂದು ನ್ಯಾಸ



ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದೆ. ಏಕಾಂತದ ಸಂಗತಿಯನ್ನು ಬಯಲಿಗೆಳೆಯುವ ರಹೋಭ್ಯಾಖ್ಯಾನ ಅವುಗಳಲ್ಲೊಂದು; ನಂಬಿ ಇಟ್ಟ ನಿಕ್ಷೇಪವನ್ನು ಅಪಹರಿಸುವ ನ್ಯಾಸಾಪಹಾರ ಇನ್ನೊಂದು. ಸುಳ್ಳಾಡದಿರುವುದಷ್ಟೇ ಸತ್ಯವ್ರತವಲ್ಲ, ನಿಜವನ್ನು ಸಲ್ಲದ ಕಿವಿಗೆ ಹಾಕದಿರುವುದೂ ಅದರ ಭಾಗ. ಮನೋಚಿಕಿತ್ಸಕರ ಮುಂದೆ ಆಡಿದ ಮಾತು ಇಂತಹ ನಿಕ್ಷೇಪ. ಅದನ್ನು ಬರೆದಿಟ್ಟ ಕಡತ ಚಿಕಿತ್ಸಕರ ಕಪಾಟಿನಲ್ಲಿರಬಹುದು. ಅದರೊಳಗಿನ ಬದುಕು ಚಿಕಿತ್ಸಾರ್ಥಿಯದು.

ಈ ನಿಕ್ಷೇಪ ಕಳುವಾದರೆ ಏನಾಗುವುದೆಂಬುದನ್ನು ಫಿನ್ಲೆಂಡ್ 2020ರ ಅಕ್ಟೋಬರಿನಲ್ಲಿ ಕಂಡಿತು. ವಸ್ತಾಮೋ ಎಂಬ ಖಾಸಗಿ ಮನೋಚಿಕಿತ್ಸಾ ಸಂಸ್ಥೆಯಿಂದ ಸುಮಾರು 33,000 ಜನರ ದಾಖಲೆಗಳು ಕಳುವಾಗಿದ್ದ ಸಂಗತಿ ಹೊರಬಿತ್ತು. ಕಳ್ಳನು ಮೊದಲು ಸಂಸ್ಥೆಯನ್ನು ಹಣ ಕೇಳಿದನು. ಸಿಗದಾಗ ಚಿಕಿತ್ಸಾರ್ಥಿಗಳಿಗೇ ಇ-ಮೇಲ್ ಕಳುಹಿಸಿ, 200 ಯೂರೋ ಕೊಡದಿದ್ದರೆ ಅವರ ಅಂತರಂಗವನ್ನು ಪ್ರಕಟಿಸುವುದಾಗಿ ಬೆದರಿಸಿದನು. ಸಂಸ್ಥೆ ಮರುವರ್ಷ ದಿವಾಳಿಯಾಯಿತು. ಬ್ಯಾಂಕ್ ಕಾರ್ಡನ್ನು ರದ್ದುಮಾಡಬಹುದು. ಬಯಲಾದ ಬಾಲ್ಯದ ನೋವನ್ನು ಮರಳಿ ಮುಚ್ಚಲಾಗದು.

ಭಾರತದಲ್ಲಿ ಕಾನೂನಿನ ಆಸರೆ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದೇ ವರ್ಷದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೆಯ ಕಲಮು ಗೌಪ್ಯವನ್ನು ರೋಗಿಯ ಹಕ್ಕಾಗಿಯೂ ಚಿಕಿತ್ಸಕರ ಕರ್ತವ್ಯವಾಗಿಯೂ ವಿಧಿಸಿದೆ. ಜೀವಕ್ಕೆ ಅಪಾಯ, ಇತರರಿಗೆ ಹಿಂಸೆಯ ಭಯ, ನ್ಯಾಯಾಲಯದ ಆಜ್ಞೆ ಮೊದಲಾದ ಕೆಲವೇ ಸಂದರ್ಭಗಳು ಇದಕ್ಕೆ ಅಪವಾದ. ಬಂಧುಗಳ ಕುತೂಹಲ ಆ ಪಟ್ಟಿಯಲ್ಲಿಲ್ಲ.

ಅಪರಿಗ್ರಹದ ನೀತಿ ಕಡತಕ್ಕೂ ಸಲ್ಲುತ್ತದೆ. ಚಿಕಿತ್ಸೆಗೆ ಬೇಕಾದಷ್ಟನ್ನೇ ಬರೆಯಬೇಕು. ಹೆಸರು, ವಿಳಾಸಗಳು ಒಂದೆಡೆ, ಟಿಪ್ಪಣಿಗಳು ಸಂಕೇತ ಸಂಖ್ಯೆಯೊಡನೆ ಇನ್ನೊಂದೆಡೆ ಇರಬೇಕು. ಕಂಪ್ಯೂಟರಿನ ಕಡತ ಎನ್‌ಕ್ರಿಪ್ಟ್ ಆಗಿರಬೇಕು. ಮನೆಮಂದಿಯೆಲ್ಲ ಬಳಸುವ ಫೋನಿನಲ್ಲಿ ಅದು ಇರಲೇಬಾರದು. ಇಟ್ಟುಕೊಳ್ಳಬೇಕಾದ ಅವಧಿ ಮುಗಿದ ಮೇಲೆ ಅದನ್ನು ನಾಶಮಾಡಬೇಕು. ಮೊದಲ ಭೇಟಿಯಲ್ಲೇ ಈ ವ್ಯವಸ್ಥೆಯನ್ನು ವಿಚಾರಿಸುವ ಅಧಿಕಾರ ಚಿಕಿತ್ಸಾರ್ಥಿಗೆ ಉಂಟು.

ಮುಂಬಯಿ, ಪುಣೆ, ಚೆನ್ನೈಗಳಲ್ಲಿ ನೆಲೆಸಿದ ಕನ್ನಡ ಜೈನರ ಸಮಾಜ ಚಿಕ್ಕದು. ಇಲ್ಲಿ ಹೆಸರು ಮರೆಸಿದರೆ ಸಾಲದು. ‘ಬೆಳಗಾವಿ ಕಡೆಯವರು, ಬ್ಯಾಂಕಿನಲ್ಲಿದ್ದಾರೆ, ಎರಡನೆಯ ಮಗಳು’ ಎಂದೊಡನೆ ಬಸದಿಯ ಅಂಗಳದಲ್ಲಿ ಅರ್ಧ ಜನಕ್ಕೆ ಮನೆ ಯಾವುದೆಂದು ತಿಳಿಯುತ್ತದೆ. ಆ ಮಾತು ವಾಟ್ಸಾಪಿನಲ್ಲಿ ಹರಿದು, ಸಂಬಂಧ ನೋಡುವವರ ಮನೆಗೆ ಮುಟ್ಟುತ್ತದೆ. ಅದನ್ನು ಕಂಡ ಬೇರೊಂದು ಮನೆಯ ಮಗಳು ನೆರವು ಕೇಳುವುದನ್ನೇ ಬಿಡುತ್ತಾಳೆ. ಗುಟ್ಟು ಒಬ್ಬರದು ಹೋದರೂ ಧೈರ್ಯ ಹಲವರದು ಹೋಗುತ್ತದೆ.

ಆದುದರಿಂದ ಕಾಪಾಡುವ ಹೊಣೆ ಚಿಕಿತ್ಸಕರೊಬ್ಬರದೇ ಅಲ್ಲ. ವಧೂವರಾನ್ವೇಷಣೆಯಲ್ಲಿ ‘ಆ ಹುಡುಗಿ ಯಾವ ಡಾಕ್ಟರ ಬಳಿ ಹೋಗುತ್ತಿದ್ದಳು’ ಎಂದು ಮೂರನೆಯವರನ್ನು ಕೆದಕುವ ವಾಡಿಕೆಯನ್ನು ಸಮಾಜ ಕೈಬಿಡಲಿ. ಕೇಳಿದವರಿಗೆ ಉತ್ತರಿಸದಿರುವ ಹಿರಿಯರು ಪ್ರತಿ ಮನೆಯಲ್ಲೂ ಇರಲಿ. ಜೈ ಜಿನೇಂದ್ರ.