ನಮ್ಮ ಬಚ್ಚಲ ನೀರು ಗಾಣಗಾಪುರಕ್ಕೆ

ಅಧ್ಯಕ್ಷೆಯವರು ಹತ್ತೇ ನಿಮಿಷ ಕೊಟ್ಟಿದ್ದಾರೆ, ಚಹಾ ಆರುವ ಮುಂಚೆ ಮುಗಿಸುತ್ತೇನೆ.

ಬಂಡ್ ಗಾರ್ಡನ್ ಕಡೆ ವಾಕಿಂಗ್ ಹೋಗುವವರು ನದಿಯ ದಂಡೆಗೆ ಕಟ್ಟಿದ ಹೊಸ ಮೆಟ್ಟಿಲು, ಕಾಲುದಾರಿ ನೋಡಿರುತ್ತೀರಿ. ಮುಳಾ, ಮುಠಾ, ಸಂಗಮದ ಕೆಳಗಿನ ಮುಳಾ-ಮುಠಾ ಎಲ್ಲ ಸೇರಿ ಸುಮಾರು 44 ಕಿಲೋಮೀಟರ್ ದಂಡೆಯನ್ನು ಹೀಗೆ ಮಾಡುವುದು ಪುಣೆ ಮಹಾನಗರಪಾಲಿಕೆಯ ಯೋಜನೆ. ಅಹಮದಾಬಾದಿನ ಸಾಬರಮತಿ ದಂಡೆಯ ವಿನ್ಯಾಸ ಮಾಡಿದವರೇ ಇದರ ನಕ್ಷೆಯನ್ನೂ ಮಾಡಿದ್ದಾರೆ.

ದಂಡೆಯಲ್ಲಿ ಉದ್ಯಾನ ಬೇಡ ಎನ್ನುವವಳು ನಾನಲ್ಲ. ಮೊಣಕಾಲು ನೋವಿನ ನಮ್ಮಂಥವರಿಗೆ ಸಮತಟ್ಟಾದ ದಾರಿ, ದೀಪ, ಬೆಂಚು, ಶೌಚಾಲಯ ಬೇಕೇ ಬೇಕು. ನಗಬೇಡಿ, ಶೌಚಾಲಯ ಇಲ್ಲವೆಂದು ನಮ್ಮಲ್ಲಿ ಎಷ್ಟು ಜನ ವಾಕಿಂಗ್ ಬಿಟ್ಟಿದ್ದೇವೆ ಹೇಳಿ!

ಆದರೆ ಸಾಬರಮತಿಯಲ್ಲಿ ನಿಂತ ನೀರು ನರ್ಮದೆಯ ಕಾಲುವೆಯಿಂದ ಬಂದದ್ದು. ನಮ್ಮ ಮುಠೆಗೆ ಅಂಥ ಅಕ್ಕ ಇಲ್ಲ. ಖಡಕವಾಸಲಾದ ನೀರು ಬೇಸಿಗೆಯಲ್ಲಿ ನಮ್ಮ ನಲ್ಲಿಗೆ, ರೈತರ ಕಾಲುವೆಗೆ ಹೋಗುತ್ತದೆ. ನದಿಯಲ್ಲಿ ಹರಿಯುವುದು ಹೆಚ್ಚಾಗಿ ನಮ್ಮ ಬಚ್ಚಲ ನೀರೇ. ಮಳೆಗಾಲದಲ್ಲಿ ಇದಕ್ಕೆ ತದ್ವಿರುದ್ಧ. ಅಣೆಕಟ್ಟಿನ ಬಾಗಿಲು ತೆರೆದರೆ ಭಿಡೆ ಸೇತುವೆ ಮುಳುಗುತ್ತದೆ. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ಮನೆಮನೆಗೆ ನೀರು ನುಗ್ಗಿತು. ನಮ್ಮ ಮನೆಗೆ ಪೋಳಿ ಮಾಡಲು ಬರುವ ಮಾವಶಿ ಮೂರು ದಿನ ಬರಲಿಲ್ಲ. ಬಂದವಳು ಹೇಳಿದ್ದು ಒಂದೇ ಮಾತು: "ವಹಿನಿ, ಹಿಟ್ಟಿನ ಡಬ್ಬಿಯೂ ಉಳಿಯಲಿಲ್ಲ." 1961ರ ಪಾನಶೇತ್ ಪ್ರವಾಹ ಕಂಡ ಹಿರಿಯರು ಇಲ್ಲಿದ್ದರೆ ನನಗಿಂತ ಚೆನ್ನಾಗಿ ಹೇಳಿಯಾರು. ಅಂಥ ನದಿಯ ಪಾತ್ರದೊಳಗೆ ಮಣ್ಣು ತುಂಬಿ ಹುಲ್ಲುಹಾಸು ಮಾಡಿದರೆ ನೀರು ಎಲ್ಲಿಗೆ ಹೋಗಬೇಕು? ದಂಡೆ ಎತ್ತರಿಸಿದರೆ ಪ್ರವಾಹ ತಡೆಯುತ್ತದೆ ಎಂದು ಯೋಜಕರ ವಾದ. ನನಗೆ ಒಪ್ಪಿಗೆಯಿಲ್ಲ.

ಇನ್ನೊಂದು ಮಾತು. ಈ ನೀರು ಭೀಮೆಗೆ ಸೇರಿ, ಉಜನಿ, ಪಂಢರಪುರ ದಾಟಿ ನಮ್ಮ ಗಾಣಗಾಪುರಕ್ಕೆ ಹೋಗುತ್ತದೆ. ನಮ್ಮ ಅತ್ತೆ ಅಲ್ಲಿಂದ ತಂಬಿಗೆಯಲ್ಲಿ ತೀರ್ಥ ತಂದು ದೇವರ ಮುಂದೆ ಇಡುತ್ತಿದ್ದರು. ನಾವು ಇಲ್ಲಿ ಬಿಟ್ಟದ್ದನ್ನೇ ಅಲ್ಲಿಂದ ತರುತ್ತೇವೆ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಆಗಲಿಲ್ಲ.

ಹಾಗಾಗಿ ಮೊದಲು ನಾಲಾಗಳ ಕೊಳಚೆ ನಿಲ್ಲಲಿ, ಹೂಗಿಡ ಆಮೇಲೆ. ಪಾಲಿಕೆ ಬಜೆಟ್‌ಗೆ ನಾಗರಿಕರಿಂದಲೂ ಸಲಹೆ ಕೇಳುತ್ತದೆ. ಶೌಚಾಲಯ, ಬೆಂಚಿನ ಬೇಡಿಕೆ ಅದರಲ್ಲಿ ಬರೆಯೋಣ. ಕೊಳಚೆಯ ಬಗ್ಗೆ ಬೇರೆ ಪತ್ರ ಬರೆದಿದ್ದೇನೆ, ಮರಾಠಿಯಲ್ಲೇ. ಚಹಾದ ಮೇಜಿನ ಮೇಲೆ ಇಟ್ಟಿದ್ದೇನೆ. ಓದಿ, ಒಪ್ಪಿದವರು ಸಹಿ ಮಾಡಿ.