ಗಣಿಕೂಲಿಯ ಮಗಳ ಅಂಕಿತ

ಶಾಲೆಯ ಪ್ರವೇಶದ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬುದೊಂದು ಸಾಲುಂಟು. ಗುಮಾಸ್ತರ ಮಗ ಅದಕ್ಕೆ ಥಟ್ಟನೆ ಉತ್ತರ ಹೇಳುತ್ತಾನೆ. ಬಿದಿರು ಕಡಿಯುವವನ ಮಗಳು ತಲೆ ತಗ್ಗಿಸಿ ‘ಕೂಲಿರೀ’ ಎಂದು ಗೊಣಗುತ್ತಾಳೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಕಡೆ ಪಾಠ ಹೇಳಿದ ಮಾಸ್ತರರಿಗೆ ಈ ದನಿ ಹೊಸದಲ್ಲ. ಆ ಸಾಲನ್ನೇ ತನ್ನ ಹಾಡಿನ ಹೆಸರನ್ನಾಗಿ ಮಾಡಿಕೊಂಡ ಗಾಯಕಿಯೊಬ್ಬರ ಮಾತನ್ನು ನಿಮಗೆ ಹೇಳಬೇಕೆಂದಿದ್ದೇನೆ.

ಅವರು ಲೊರೆಟ್ಟಾ ಲಿನ್. ಅಮೆರಿಕದ ಕೆಂಟಕಿ ಪ್ರಾಂತದ ಬುಚರ್ ಹಾಲರ್ ಎಂಬ ಗುಡ್ಡದ ಸಂದಿಯಲ್ಲಿ 1932ರಲ್ಲಿ ಹುಟ್ಟಿದರು. ತಂದೆ ಟೆಡ್ ವೆಬ್ ಕಲ್ಲಿದ್ದಲ ಗಣಿಯ ಕೂಲಿ. ಮನೆಯಲ್ಲಿ ಎಂಟು ಮಕ್ಕಳು. ಹದಿನೈದಕ್ಕೆ ಮದುವೆ. ನಾಲ್ಕು ಮಕ್ಕಳ ತಾಯಿಯಾದ ಮೇಲೆ, ಗಂಡ ತಂದುಕೊಟ್ಟ ಗಿಟಾರಿನ ಮೇಲೆ ತಾವೇ ಬೆರಳಾಡಿಸಿ ಕಲಿತರು. ಅಲ್ಲಿ ಹಳ್ಳಿಗರ, ದುಡಿಯುವವರ ಸಂಗೀತವನ್ನು ‘ಕಂಟ್ರಿ’ ಎನ್ನುತ್ತಾರೆ. ಆಕೆ ತಾವೇ ಕಟ್ಟಿ ಹಾಡಿದ ‘ಕೋಲ್ ಮೈನರ್ಸ್ ಡಾಟರ್’, ಎಂದರೆ ಕಲ್ಲಿದ್ದಲ ಗಣಿಯವನ ಮಗಳು, 1970ರಲ್ಲಿ ಹೊರಬಂದು, ವರ್ಷದ ಕೊನೆಗೆ ಆ ಬಗೆಯ ಹಾಡುಗಳಲ್ಲೆಲ್ಲ ಮೊದಲ ಸ್ಥಾನಕ್ಕೇರಿತು. ಅದೇ ಹೆಸರಿನ ದೊಡ್ಡ ತಟ್ಟೆಯೂ ಬಂತು. ಅದರಲ್ಲಿ ಬೇರೆಯವರು ಕಟ್ಟಿದ ಹಾಡುಗಳೂ ಇವೆ; ಅವನ್ನು ಬದಿಗಿಡೋಣ.

ಈ ಹಾಡಿನಲ್ಲಿ ಉಪಮೆ, ರೂಪಕಗಳ ಆಡಂಬರವಿಲ್ಲ. ತಂದೆ ರಾತ್ರಿಯೆಲ್ಲ ಗಣಿಯಲ್ಲಿ, ಹಗಲು ಮೆಕ್ಕೆಜೋಳದ ಹೊಲದಲ್ಲಿ. ಬಟ್ಟೆ ಉಜ್ಜಿ ಉಜ್ಜಿ ತಾಯಿಯ ಬೆರಳಲ್ಲಿ ರಕ್ತ. ಬೇಸಿಗೆಯಲ್ಲಿ ಮಕ್ಕಳಿಗೆ ಬರಿಗಾಲು. ಚಳಿಗಾಲದ ಬೂಟಿಗೆ ಅಪ್ಪ ಒಂದು ಹಂದಿಯನ್ನು ಮಾರಿ ಹಣ ಹೊಂದಿಸುತ್ತಾನೆ. ಹಂದಿಗೆ ಕಾವ್ಯದಲ್ಲೇನು ಕೆಲಸವೆಂದು ಪಂಡಿತರು ಮೂಗು ಮುರಿದಾರು. ನನಗಂತೂ ಹಾಡಿನ ಜೀವವಿರುವುದು ಅಲ್ಲಿಯೇ. ಬಡತನವೆಂದರೆ ಎಷ್ಟು ಎಂಬುದಕ್ಕೆ ಅದಕ್ಕಿಂತ ಸರಿಯಾದ ಅಳತೆ ಉಂಟೆ? ಆಕೆ ಇನ್ನೂ ಹಲವು ನುಡಿ ಬರೆದಿದ್ದರು. ಹಾಡು ಉದ್ದವಾಯಿತೆಂದು ಧ್ವನಿಮುದ್ರಣ ನಡೆಸಿದ ಓವನ್ ಬ್ರಾಡ್ಲಿ ಕೆಲವನ್ನು ಬಿಡಿಸಿದರು.

ಇದನ್ನು ಕೇಳಿದಾಗ ನಮ್ಮ ಅಂಕಿತಗಳ ನೆನಪಾಗುತ್ತದೆ. ಉಳವಿ ಜಾತ್ರೆಗೆ ಚಕ್ಕಡಿ ಹೂಡುವ ಸೀಮೆಯವರಿಗೆ ಶರಣರ ಸಂಗತಿ ಬಿಡಿಸಿ ಹೇಳಬೇಕಾಗಿಲ್ಲ. ಆಯ್ದಕ್ಕಿ ಲಕ್ಕಮ್ಮನಿಗೆ ಕಾಯಕವೇ ಹೆಸರಾಯಿತು. ಆಕೆಯ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಅದರಲ್ಲಿ ದೇವರುಂಟು, ಗಂಡನ ಹೆಸರೂ ಉಂಟು. ಇನ್ನು ನಮ್ಮ ಬೀಸುವ ಪದಗಳನ್ನು ಕಟ್ಟಿದ ಗರತಿಯರ ಹೆಸರೇ ಉಳಿದಿಲ್ಲ. ಅವರು ತವರನ್ನು ಹೊಗಳುತ್ತಾರೆ, ಹರಸುತ್ತಾರೆ; ಆದರೆ ‘ನನ್ನಪ್ಪ ಇಂಥ ಕೂಲಿ’ ಎಂದು ತವರಿನ ಇಲ್ಲದಿಕೆಯನ್ನು ಹೆಸರು ಹಿಡಿದು ಹಾಡಿದ್ದನ್ನು ನಾನು ಕೇಳಿದ್ದು ತೀರ ಅಪರೂಪ. ಲೊರೆಟ್ಟಾ ಲಿನ್ ದೇವರನ್ನಲ್ಲ, ಗಂಡನನ್ನಲ್ಲ, ಅಪ್ಪನ ದುಡಿಮೆಯನ್ನು ಅಂಕಿತವಾಗಿ ಇಟ್ಟುಕೊಂಡರು. 1976ರ ಆತ್ಮಕಥೆಗೂ 1980ರ ಚಲಚ್ಚಿತ್ರಕ್ಕೂ ಅದೇ ಹೆಸರು. 2022ರಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ, ತೀರಿಕೊಳ್ಳುವವರೆಗೂ ಲೋಕ ಅವರನ್ನು ಗುರುತಿಸಿದ್ದು ಆ ಹೆಸರಿನಿಂದಲೇ.

ಹಾಡಿನ ಕಡೆಯಲ್ಲಿ ಆಕೆ ಹುಟ್ಟಿದ ಮನೆಗೆ ಮರಳುತ್ತಾರೆ. ಅಲ್ಲಿ ಉಳಿದಿರುವುದು ನೆಲ ಮಾತ್ರ. ಟೆಡ್ ವೆಬ್ 1959ರಲ್ಲಿ ತೀರಿಕೊಂಡಿದ್ದರು. ಮಗಳ ಮೊದಲ ತಟ್ಟೆ ಹೊರಟದ್ದು ಮರುವರ್ಷ.